ಒಂದೇ ತೂಕದ ಎರಡು ಆಮ್ಲ

ಮಕ್ಕಳ ವಾರ್ಡಿನಿಂದ ನನ್ನ ಮೇಜಿಗೆ ಬಂದ ಕಾರ್ಡಿನ ಮೇಲೆ ಒಣಗಿದ ರಕ್ತದ ನಾಲ್ಕು ಚುಕ್ಕೆಗಳಿದ್ದವು. ಎರಡು ದುಂಡಗೆ ತುಂಬಿದ್ದವು, ಉಳಿದೆರಡು ಅರೆಬರೆ. ಕೂಸಿನ ನರ ಸಿಗಲಿಲ್ಲ, ಹಿಮ್ಮಡಿ ಚುಚ್ಚಿದರೂ ಬಂದದ್ದು ಇಷ್ಟೇ ಎಂದು ನರ್ಸ್ ಹೇಳಿ ಕಳಿಸಿದ್ದಳು. ವನದುರ್ಗದ ಕಡೆಯ ಎಂಟು ತಿಂಗಳ ಗಂಡುಕೂಸು. ಮೊದಮೊದಲು ನಕ್ಕು, ಮಗ್ಗುಲು ಹೊರಳಿ, ಎಲ್ಲ ಕೂಸುಗಳ ಹಾಗೆಯೇ ಬೆಳೆದಿತ್ತು. ಆಮೇಲೆ ನಗು ನಿಂತಿತು, ನೆಟ್ಟಗಿದ್ದ ಕತ್ತು ಮತ್ತೆ ವಾಲತೊಡಗಿತು, ಕೈಗಳಿಗೆ ನಡುಕ ಹತ್ತಿತು. ತಿಂದದ್ದು ದೇಹದೊಳಗೆ ಶಕ್ತಿಯಾಗುವ ದಾರಿಯಲ್ಲೇ ಎಲ್ಲೋ ಹುಟ್ಟಿನಿಂದ ಬಂದ ದೋಷವಿರಬಹುದೆಂದು ಮಕ್ಕಳ ಡಾಕ್ಟರಿಗೆ ಅನುಮಾನ. ಅದನ್ನು ಹುಡುಕಬಲ್ಲ ಯಂತ್ರ ನನ್ನ ಕೋಣೆಯಲ್ಲಿತ್ತು.

ಯಾದಗಿರಿಯ ನಮ್ಮಂಥ ಆಸ್ಪತ್ರೆಗೆ ಮಾಸ್ ಸ್ಪೆಕ್ಟ್ರೋಮೀಟರ್ ಬಂದದ್ದೇ ಒಂದು ಸೋಜಿಗ. ಬೇರೆ ಲ್ಯಾಬಿನಲ್ಲಿ ಹಲವು ವರ್ಷ ದುಡಿದಿದ್ದ ಹಳೆಯ ಯಂತ್ರವನ್ನು ದಾನಿಯೊಬ್ಬರು ಕೊಡಿಸಿದ್ದರು. ಸರಳವಾಗಿ ಹೇಳುವುದಾದರೆ ಅದೊಂದು ತಕ್ಕಡಿ. ರಕ್ತದ, ಮೂತ್ರದ ಅಣುಗಳಿಗೆ ವಿದ್ಯುತ್ತು ಮುಟ್ಟಿಸಿ, ಗಾಳಿ ತೆಗೆದ ಕೊಳವೆಯೊಳಗೆ ಹಾರಿಸಿ, ಒಂದೊಂದರ ತೂಕ ನೋಡುತ್ತದೆ. ಆಮೇಲೆ ಅವನ್ನು ಒಡೆದು ಚೂರುಗಳ ತೂಕವನ್ನೂ ನೋಡುತ್ತದೆ. ಅದಕ್ಕೆ ಸದಾ ನೈಟ್ರೋಜನ್ ಬೇಕು, ತಂಪು ಬೇಕು, ಒಂದು ಗಳಿಗೆ ತಪ್ಪದ ಕರೆಂಟು ಬೇಕು. ಲೆಕ್ಕದ ಕೋಣೆಯವರು ಅದಕ್ಕೆ 'ಮೇಡಂ ಅವರ ಗೊಡ್ಡೆಮ್ಮೆ' ಎಂದು ಹೆಸರಿಟ್ಟಿದ್ದರು. ತಿನ್ನುವುದು ಹೊರೆಗಟ್ಟಲೆ, ಕರೆಯುವುದು ಏನೂ ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಆಗಿನ್ನೂ ಉತ್ತರ ಕೊಡುವಂಥ ಕೆಲಸವೇನೂ ನಮ್ಮಿಂದ ಆಗಿರಲಿಲ್ಲ.

ತುಂಬಿದ ಚುಕ್ಕೆಯಿಂದ ಸಾಸಿವೆಗಿಂತ ತುಸು ದೊಡ್ಡ ಬಿಲ್ಲೆಯೊಂದನ್ನು ಕತ್ತರಿಸಿ, ಮೆಥನಾಲ್‌ನಲ್ಲಿ ನೆನೆಸಿ, ತಿಳಿಯನ್ನು ಯಂತ್ರಕ್ಕೆ ಕೊಟ್ಟೆ. ನಾವು ಸಿ-ಮೂರು ಎಂದು ಕರೆಯುವ ವಸ್ತುವಿನ ಗೆರೆ ಸಾಮಾನ್ಯ ಮಿತಿ ದಾಟಿ ಎದ್ದು ನಿಂತಿತು. ಎರಡನೆಯ ಚುಕ್ಕೆಯಿಂದ ಮತ್ತೆ ಮಾಡಿದೆ, ಅಲ್ಲೂ ಅಷ್ಟೇ. ಇದರ ಅರ್ಥ ಎರಡರಲ್ಲಿ ಒಂದು. ಕೆಲವು ಬಗೆಯ ಪ್ರೋಟೀನನ್ನು ಅರಗಿಸುವ ಶಕ್ತಿಯೇ ಕೂಸಿಗೆ ಹುಟ್ಟಿನಿಂದ ಇಲ್ಲ, ಇಲ್ಲವೇ ಆ ಕೆಲಸಕ್ಕೆ ಬೇಕಾದ ಬಿ-ಹನ್ನೆರಡು ಎಂಬ ಜೀವಸತ್ವ ಸಿಕ್ಕಿಲ್ಲ. ಮೊದಲನೆಯದಾದರೆ ಜೀವಮಾನದ ಕಾಯಿಲೆ, ಎರಡನೆಯದಾದರೆ ಸೂಜಿಯಲ್ಲಿ ಹೋಗುತ್ತದೆ.

ಮಕ್ಕಳ ಡಾಕ್ಟರು ಮೈಸೂರು ಕಡೆಯವರು. ಒಳ್ಳೆಯವರು, ಕೆಲಸಗಾರರು, ಆದರೆ ನಮ್ಮ ಕಡೆಯವರ ಮಾತು ಕೇಳಿದರೆ ಯಾರೋ ಜಗಳಕ್ಕೆ ಬಂದರೆಂದು ಬೆಚ್ಚುತ್ತಿದ್ದರು.

"ಬಿ-ಹನ್ನೆರಡರ ಕೊರತಿ ಇರಬಹುದಲ್ರಿ ಸರ್?" ಎಂದೆ.

"ಅದನ್ನೇ ಮೊದಲು ನೋಡಿದ್ದು. ಮಗು ರಕ್ತ ಸಾಲಲ್ಲ ಅಂತ ತಾಯೀದು ಮಾಡಿಸ್ದೆ. ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ಎದೆಹಾಲು ಕುಡಿಯೋ ಮಗು, ತಾಯೀಲಿ ಇದ್ದರೆ ಹಾಲಲ್ಲೂ ಇರುತ್ತೆ. ಮನೇಲಿ ನಾಲ್ಕು ಎಮ್ಮೆ ಬೇರೆ ಇದಾವಂತೆ." ಆಮೇಲೆ ದನಿ ತಗ್ಗಿಸಿ, "ಗಂಡ ಸೋದರಮಾವ, ಹೆಂಡತಿ ಅಕ್ಕನ ಮಗಳು. ಇನ್ನೇನು ಹೇಳಲಿ?" ಎಂದರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಕೂಸಿನ ತಂದೆಯ ತಾಯಿ. ಕೂಸಿನ ತಾಯಿಯನ್ನು ಹೆತ್ತವಳಿಗೂ ಇವಳೇ ತಾಯಿ. ಅಂದರೆ ಮಗಳ ಮಗಳನ್ನೇ ಮಗನಿಗೆ ತಂದುಕೊಂಡಿದ್ದಳು. ಕಾಲುವೆ ಬಂದ ಮೇಲೆ ಅವರ ಹೊಲಕ್ಕೆ ಭತ್ತ ಬಂದಿತ್ತು, ಹಸಿಮೇವು ಬಂದಿತ್ತು, ಮನೆ ತುಂಬಿತ್ತು. ತುಂಬಿದ ಮನೆಗೆ ಹೊರಗಿನವಳು ಯಾಕೆ ಎಂಬುದು ಆಕೆಯ ವಿಚಾರವಾಗಿತ್ತು. ನನ್ನ ಬಿಳಿ ಕೋಟು ಕಂಡು ಎದ್ದು ನಿಂತಳು.

"ಬಾಯಾರ, ನಮ್ಮ ರಗತದಾಗ ದೋಷ ಐತಂತ ಡಾಕ್ಟರು ಅಂತಾರ. ನನ್ನ ಮಗಳು ಬ್ಯಾಡವ್ವ, ಹುಡುಗಿನ್ನ ಹೊರಗ ಕೊಡೂಣು ಅಂದಿದ್ಲು. ನಾನ ಹಟ ಹಿಡದು ತಂದೆ. ಈಗ ಆಕಿ ನನ್ನ ಕೂಡ ಮಾತ ಬಿಟ್ಟಾಳ. ಕೂಸಿಗೆ ಹೆಚ್ಚುಕಡಿಮಿ ಆದ್ರ ಮಗಳನ್ನ ಕರಕೊಂಡು ಹೋಗ್ತೀನಿ, ನಿನ್ನ ಮಾರಿ ನೋಡಂಗಿಲ್ಲ ಅಂದಾಳ."

"ಇನ್ನೂ ಏನೂ ಗೊತ್ತಾಗಿಲ್ಲಮ್ಮ. ಸುಮ್ಮ ಕೂಡ್ರಿ."

"ಸುಮ್ಮ ಹೆಂಗ ಕೂಡ್ಲಿ? ದೋಷ ಇದ್ರ ಅದು ನಂದ. ಎರಡೂ ಕಡಿ ನಾನ ಅದೇನಲ್ಲ."

ಲೆಕ್ಕ ಹಾಕಿದರೆ ಆಕೆಯ ಮಾತು ಸರಿಯಾಗಿಯೇ ಇತ್ತು.

ಮುಂದಿನ ಹೆಜ್ಜೆ ಕೂಸಿನ ಮೂತ್ರದಲ್ಲಿ ಮಿಥೈಲ್‌ಮಲೋನಿಕ್ ಆಮ್ಲ ಎಷ್ಟಿದೆ ನೋಡುವುದು. ಹೈದರಾಬಾದಿನ ದೊಡ್ಡ ಲ್ಯಾಬಿಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಕೂಸಿನ ಗತಿ ಏನೋ. ಇಲ್ಲೇ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ಆ ಪರೀಕ್ಷೆಯನ್ನು ನಮ್ಮ ಯಂತ್ರದಲ್ಲಿ ಯಾರೂ ಮಾಡಿರಲಿಲ್ಲ, ನಾನು ಸಹ. ಬೇಕಾದ ಶುದ್ಧ ಆಮ್ಲಗಳು ಮಾತ್ರ ಫ್ರಿಜ್ಜಿನಲ್ಲಿದ್ದವು.

ಮೊದಲ ಅಡ್ಡಿ ಮೂತ್ರ ಹಿಡಿಯುವುದು. ನರ್ಸ್ ಅಂಟಿಸಿದ ಪ್ಲಾಸ್ಟಿಕ್ ಚೀಲ ಪ್ರತಿಸಲ ಕಳಚಿ, ಹಾಸಿಗೆಯೇ ಒದ್ದೆಯಾಗುತ್ತಿತ್ತು. ಕಡೆಗೆ ಅಜ್ಜಿ, "ಸರೀರಿ ಅತ್ಲಾಗ" ಎಂದು ನರ್ಸನ್ನು ಪಕ್ಕಕ್ಕೆ ನೂಕಿ, ನೆಲದ ಮೇಲೆ ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿಕೊಂಡು 'ಸ್ಸ್ ಸ್ಸ್' ಎಂದಳು. ನಾನು ಕೊಟ್ಟ ಬಾಟಲಿ ತುಂಬಿತು. ಇಡೀ ವಾರ್ಡು ನಕ್ಕಿತು, ಕೂಸೊಂದನ್ನು ಬಿಟ್ಟು.

ನಿಜವಾದ ಅಡ್ಡಿ ಯಂತ್ರದಲ್ಲಿತ್ತು. ನಾನು ಹುಡುಕುತ್ತಿದ್ದ ಆಮ್ಲಕ್ಕೆ ಒಂದು ಜೋಡಿ ಇದೆ, ಸಕ್ಸಿನಿಕ್ ಆಮ್ಲ. ಅದು ಆರೋಗ್ಯವಂತರ ಮೂತ್ರದಲ್ಲೂ ಧಾರಾಳವಾಗಿರುತ್ತದೆ. ಎರಡರಲ್ಲೂ ಅದೇ ಪರಮಾಣುಗಳು, ಕೂತ ಜಾಗ ಮಾತ್ರ ಬೇರೆ. ತೂಕ ಒಂದೇ. ಒಡೆದರೆ ಸಿಗುವ ಚೂರಿನ ತೂಕವೂ ಒಂದೇ. ತೂಕವನ್ನೇ ನಂಬಿ ಬದುಕುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಆದ್ದರಿಂದ ತಕ್ಕಡಿಗೆ ಹೋಗುವ ಮೊದಲೇ ಇವನ್ನು ಬಿಡಿಸಬೇಕು. ಅದಕ್ಕೆ ಕಾಲಂ ಎಂಬ ಉಕ್ಕಿನ ಸಣ್ಣ ಕೊಳವೆ ಇದೆ. ಒಳಗೆ ನುಣುಪಾದ ಪುಡಿ ಗಿಡಿದು ತುಂಬಿರುತ್ತದೆ. ದ್ರವದ ಜೊತೆ ಹರಿಯುವಾಗ ಒಂದು ವಸ್ತು ಪುಡಿಗೆ ಹೆಚ್ಚು ಅಂಟಿ ತಡವಾಗಿ ಬರುತ್ತದೆ, ಇನ್ನೊಂದು ಬೇಗ ಬರುತ್ತದೆ.

ನನ್ನ ಕಾಲಂನಲ್ಲಿ ಎರಡೂ ಕೈಕೈ ಹಿಡಿದೇ ಬಂದವು. ಪರದೆಯ ಮೇಲೆ ಒಂದೇ ಡುಬ್ಬ. ಮೆಥನಾಲ್ ಕಡಿಮೆ ಮಾಡಿದೆ, ಡುಬ್ಬ ಅಗಲವಾಯಿತು. ಫಾರ್ಮಿಕ್ ಆಮ್ಲ ಸ್ವಲ್ಪ ಹೆಚ್ಚಿಸಿ, ಹರಿವು ನಿಧಾನ ಮಾಡಿದೆ. ಒಂದೇ ಗುಡ್ಡಕ್ಕೆ ಎರಡು ನೆತ್ತಿ ಬಂದಂತಾಯಿತು. ಬೆಳಿಗ್ಗೆ ಬಿಡಿಯಾಗಿ ಕಂಡ ನೆತ್ತಿಗಳು ಮಧ್ಯಾಹ್ನ ಮತ್ತೆ ಕೂಡಿಕೊಂಡವು. ತಲೆ ಕೆರೆದುಕೊಂಡು ಕೂತಾಗ ಬೆನ್ನ ಮೇಲೆ ಬೆವರು ಇಳಿದದ್ದು ಅರಿವಾಯಿತು. ನಮ್ಮೂರ ಬಿಸಿಲಿಗೆ ಕೋಣೆಯ ಹಳೆಯ ಎ.ಸಿ. ಸೋತಿತ್ತು, ಕಾಲಂ ಬಿಸಿಯಾಗಿ ಎರಡನ್ನೂ ಒಟ್ಟಿಗೆ ಬಿಟ್ಟುಕೊಡುತ್ತಿತ್ತು. ನೇರ ಆಸ್ಪತ್ರೆಯ ಮುಖ್ಯಸ್ಥರ ಹತ್ತಿರ ಹೋಗಿ ಒಪ್ಪಿಗೆ ಪಡೆದು, ಲೆಕ್ಕದ ಕೋಣೆಯ ಹೊಸ ಎ.ಸಿ.ಯನ್ನು ಬಿಚ್ಚಿಸಿ ತಂದೆ.

"ಎಮ್ಮಿಗೆ ಎ.ಸಿ. ಬ್ಯಾರೆ ಬೇಕಾತೇನ್ರಿ?" ಎಂದ ಗುಮಾಸ್ತ.

"ನಿಮಗ ಫ್ಯಾನ್ ಸಾಕ್ರಿ. ಕುಂತಲ್ಲೇ ಕೂಡವ್ರು" ಎಂದೆ. ಅವನು ಮುಖ ತಿರುಗಿಸಿದ, ನನಗೆ ಮಾತ್ರ ತಂಪಾಯಿತು.

ಮರುದಿನ ಎರಡು ಗುಡ್ಡಗಳು ಬುಡದವರೆಗೂ ಬಿಡಿಯಾದವು. ಯಾವುದು ಯಾವುದೆಂದು ತಿಳಿಯಲು ಒಂದು ಉಪಾಯವಿದೆ. ನಮಗೆ ಬೇಕಾದ ಆಮ್ಲದ್ದೇ ತುಸು ಭಾರದ ನಕಲನ್ನು ಮೊದಲೇ ಬೆರೆಸಿರುತ್ತೇವೆ. ಅದು ತನ್ನ ಅಸಲಿನ ಜೊತೆಯಲ್ಲೇ ಹೊರಬರುತ್ತದೆ, ತೂಕ ಬೇರೆಯಾದ್ದರಿಂದ ಗುರುತು ಸಿಗುತ್ತದೆ. ಆ ನಕಲು ಎರಡನೆಯ ಗುಡ್ಡದ ಕೆಳಗೆ ಸರಿಯಾಗಿ ಬಂದು ನಿಂತಿತು. ನಾನು ಒಬ್ಬಳೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದೆ. ಆಮೇಲೆ ಕೂಸಿನ ಮೂತ್ರ ಹಾಕಿದೆ. ಎರಡನೆಯ ಗುಡ್ಡ ಪರದೆಯ ತುದಿ ಮುಟ್ಟಿತು.

ಡಾಕ್ಟರಿಗೆ ಹೇಳಿದೆ. ಅವರು ಕುರ್ಚಿಗೆ ಒರಗಿದರು. "ಹಾಗಾದ್ರೆ ನಾನು ಅಂದ್ಕೊಂಡಿದ್ದೇ ಆಯ್ತು. ತಾಯಿ ಹಾಲು ನಿಲ್ಲಿಸಬೇಕು. ವಿಶೇಷ ಪುಡಿ ಕೊಡಬೇಕು. ಹೈದರಾಬಾದಿಗೆ ಕಳಿಸೋಣ. ಇನ್ನೊಂದು ಮಗು ಬೇಡ ಅಂತ ಮನೆಯವರಿಗೆ ನಾನೇ ಹೇಳ್ತೀನಿ." ಅದು ಅವರಿಗೆ ಹಿತವಾದ ಮಾತಾಗಿರಲಿಲ್ಲ. ಆ ಕೂಸಿಗೆ ನಿಜವಾಗಿ ಹುಟ್ಟಿನಿಂದಲೇ ದೋಷವಿದ್ದರೆ ತಾಯಿ ಹಾಲೇ ವಿಷವಾಗಬಹುದಿತ್ತು.

ಖಚಿತಪಡಿಸಿಕೊಳ್ಳಲು ಇನ್ನೊಂದು ಸಲ ಮೂತ್ರ ಬೇಕೆಂದು ನಾನೇ ವಾರ್ಡಿಗೆ ಇಳಿದೆ. ಚಹಾದವನು ಬಂದಿದ್ದ. ಅಜ್ಜಿಗೂ ನನಗೂ ಹಾಲು ಹಾಕಿದ ಚಹಾ ಕೊಟ್ಟು, ಕೂಸಿನ ತಾಯಿಗೆ ಕೇಳದೆಯೇ ಕರಿ ಚಹಾ ಕೊಟ್ಟ. ಅವನಿಗೆ ಆಕೆಯ ರೂಢಿ ಗೊತ್ತಾಗಿತ್ತು, ಓದಿದ ನಮಗಾರಿಗೂ ಗೊತ್ತಿರಲಿಲ್ಲ.

"ಹಾಲು ಸೇರಂಗಿಲ್ಲೇನವ್ವ?" ಎಂದೆ.

ಕೂಸಿನ ತಾಯಿ ಇನ್ನೂ ಹುಡುಗಿ. ಅಜ್ಜಿಯ ಮುಖ ನೋಡಿ, ಮೆಲ್ಲಗೆ, "ಬಿಟ್ಟೇನ್ರಿ" ಎಂದಳು. "ಹರಕಿ ಐತ್ರಿ. ಮದುವ್ಯಾಗಿ ಬಾಳ ದಿನ ಕೂಸು ಆಗಿದ್ದಿಲ್ಲ. ಅಬ್ಬೆತುಮಕೂರ ಮಠಕ್ಕ ಹೋಗಿ, ಕೂಸು ಆಗಿ ಅದರ ಜಾವಳ ತಗಿಸೂತನಕ ಹೈನ ಮುಟ್ಟಂಗಿಲ್ಲ ಅಂತ ಬೇಡಿಕೊಂಡೇನ್ರಿ."

ಜಾವಳ ಎಂದರೆ ಕೂಸಿನ ಮೊದಲ ಮುಡಿ, ಹೈನ ಎಂದರೆ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವೂ. ಮಾಂಸ, ಮೊಟ್ಟೆಯಂತೂ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ರೊಟ್ಟಿ, ಖಾರ, ಬೇಳೆ, ಪಲ್ಯೆ. ಬಿ-ಹನ್ನೆರಡು ಸಿಗಬಹುದಾದ ಒಂದೇ ಬಾಗಿಲನ್ನೂ ಆಕೆ ವರ್ಷಗಟ್ಟಲೆ ಮುಚ್ಚಿಕೊಂಡಿದ್ದಳು.

ನಾನು ಅಜ್ಜಿಯ ಕಡೆ ತಿರುಗಿದೆ. "ಡಾಕ್ಟರು ಕೇಳಿದಾಗ ಯಾಕ ಹೇಳಲಿಲ್ಲಮ್ಮ?"

"ನಿಮ್ಮ ಮನ್ಯಾಗ ಹಾಲು ಮಸರು ತಿಂತೀರೇನು ಅಂತ ಕೇಳಿದ್ರು. ನಾಲ್ಕು ಎಮ್ಮಿ ಹಿಂಡೂ ಮನಿಗೆ ಹಂಗ ಕೇಳಬಹುದೇನ್ರಿ? ಊರಿಗೆ ಹಾಕಿ ಉಳೀತೈತಿ ಅಂದೆ."

"ನನ್ನ ಯಾರೂ ಕೇಳಲಿಲ್ರಿ" ಎಂದಳು ಹುಡುಗಿ.

ಆದರೆ ಆಕೆಯ ರಕ್ತದಲ್ಲಿ ಬಿ-ಹನ್ನೆರಡು ತುಂಬಿ ತುಳುಕುತ್ತಿತ್ತಲ್ಲ? ಅದು ಎಲ್ಲಿಂದ ಬಂತು? ಮಾತ್ರೆ ನುಂಗಿದೆಯಾ, ಸೂಜಿ ಮಾಡಿಸಿದೆಯಾ ಎಂದು ಬಿಡದೆ ಕೇಳಿದೆ.

"ಇಲ್ಲಿಗೆ ಬರೂ ಹಿಂದಿನ ದಿನ ಊರಾಗಿನ ಡಾಕ್ಟರು ಒಂದು ಸೂಜಿ ಮಾಡಿದ್ರು. ಕೆಂಪನ್ನದು. ದೊಡ್ಡ ದವಾಖಾನಿಗೆ ಹೊಂಟಿ, ನಿಂದರಾಕ ತಾಕತ್ತು ಬೇಕಲ್ಲ ಅಂದ್ರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಈ ಕೆಂಪು ಸೂಜಿಗೆ ಬಹಳ ಮರ್ಯಾದೆ. ಸುಸ್ತಾದರೆ ಕೆಂಪು ಸೂಜಿ, ಲಗ್ನಕ್ಕೆ ಓಡಾಡಿ ದಣಿದರೆ ಕೆಂಪು ಸೂಜಿ, ದೊಡ್ಡ ಡಾಕ್ಟರ ಹತ್ತಿರ ಹೋಗುವ ಮುಂಚೆ ಸಣ್ಣ ಡಾಕ್ಟರ ಕೆಂಪು ಸೂಜಿ. ಅದರ ಬಣ್ಣವೇ ಬಿ-ಹನ್ನೆರಡರ ಬಣ್ಣ. ಡಾಕ್ಟರು ಅಳೆಸಿದ್ದು ತಾಯಿಯ ದೇಹದಲ್ಲಿದ್ದದ್ದನ್ನಲ್ಲ, ಹಿಂದಿನ ದಿನ ಸೊಂಟಕ್ಕೆ ಹಾಕಿದ್ದನ್ನು.

ಮೆಟ್ಟಿಲು ಹತ್ತಿ ಓಡಿದೆ. ಡಾಕ್ಟರು ಹೈದರಾಬಾದಿಗೆ ಫೋನು ಹಚ್ಚುತ್ತಿದ್ದರು. ಎಲ್ಲ ಹೇಳಿದೆ. ಅವರು ಫೋನು ಇಟ್ಟು, "ಹಾಗಾದ್ರೆ ಮಗೂಗೆ ಈಗಲೇ ಇಂಜೆಕ್ಷನ್ ಕೊಡೋಣ. ಯಾವ ಕಾಯಿಲೆ ಆದ್ರೂ ಅದರಿಂದ ನಷ್ಟ ಇಲ್ಲ" ಎಂದರು.

"ಕೊಡ್ರಿ ಸರ್. ಆದ್ರ ಅಷ್ಟಕ್ಕ ಬಿಡಬ್ಯಾಡ್ರಿ. ಹುಟ್ಟಾ ದೋಷದಾಗೂ ಒಂದು ಬಗಿ ಈ ಸೂಜಿಗೆ ಕೇಳತೈತಿ. ಕೂಸು ಚೇತರಿಸಿಕೊಂಡ್ರೂ ರಗತದ್ದೋ ಊಟದ್ದೋ ತಿಳಿಯಂಗಿಲ್ಲ. ಜೀವನಪೂರ್ತಿ ಆ ಮನಿ ಹೆದರಿಕೊಂಡ ಇರಬೇಕಾಕ್ಕೈತಿ."

"ಮತ್ತೆ?"

"ತಾಯಿ ಮೂತ್ರ ಹಾಕತೀನಿ. ಕೆಂಪು ಸೂಜಿಯಿಂದ ರಗತದಾಗ ಬಿ-ಹನ್ನೆರಡು ಒಮ್ಮೆಲೇ ಏರಿದ್ರೂ, ವರ್ಷದಿಂದ ಕೂಡಿದ ಆಮ್ಲ ಅಷ್ಟು ಲಗೂನ ಇಳಿಯಂಗಿಲ್ಲ. ಆಕಿದೂ ಎತ್ತರ ಬಂದ್ರ ಕೊರತಿ ಆಕಿದು. ಅಲ್ಲೀತನಕ ಎದಿಹಾಲು ಬಿಡಸಬ್ಯಾಡ್ರಿ, ವರದಿಗೆ ನಾ ಸಹಿ ಹಾಕಂಗಿಲ್ಲ."

ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು. ಡಾಕ್ಟರು ಒಂದು ಕ್ಷಣ ಬೆಚ್ಚಿ, ಆಮೇಲೆ ನಕ್ಕರು. "ಸಂಜೆವರೆಗೂ ಕಾಯ್ತೀನಿ. ಅಷ್ಟೇ" ಎಂದರು.

ತಾಯಿಯ ಬಾಟಲಿ ಕೈಗೆ ಬಂತು. ಹಿಂದೆಯೇ ಅಜ್ಜಿಯೂ ಒಂದು ಬಾಟಲಿ ಹಿಡಿದು ಬಂದಳು. "ನಂದೂ ನೋಡ್ರಿ. ಎಮ್ಮಿ ಹಾಲ ಕುಡಿದು ಬೆಳದಾಕಿ ನಾನು. ಆಕಿದೂ ನಂದೂ ಹಚ್ಚಿ ನೋಡ್ರಿ." ಬೇಡವೆನ್ನಲು ಬಾಯಿ ತೆರೆದವಳು ಅದನ್ನೂ ಇಸಿದುಕೊಂಡೆ. ಅದೇ ಮನೆ, ಅದೇ ಒಲೆ, ಹೈನವೊಂದೇ ಬೇರೆ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಯಾವ ಲ್ಯಾಬಿನಲ್ಲಿ ಸಿಗುತ್ತದೆ?

ಅವಸರ ಮಾಡಿದರೆ ಯಂತ್ರಕ್ಕೆ ಸಿಟ್ಟು ಬರುತ್ತದೆ. ಮೊದಲ ಮಾದರಿ ಒಳಗೆ ಹೋಗುತ್ತಿದ್ದಂತೆ ಒತ್ತಡದ ಮುಳ್ಳು ಏರಿತು, ಏರಿ ಏರಿ ಪಂಪು ತಾನೇ ನಿಂತಿತು. ಕಾಲಂ ಕಟ್ಟಿಕೊಂಡಿತ್ತು. ಬೇರೆ ಕಾಲಂ ಇರಲಿಲ್ಲ. ಇದ್ದದ್ದು ಒಂದೇ ದಾರಿ, ಕೊಳವೆಯನ್ನು ತಲೆಕೆಳಗು ಮಾಡಿ ತೊಳೆಯುವುದು. ಒಳಗಿನ ಪುಡಿ ಸಡಿಲವಾದರೆ ಎಲ್ಲ ಕೆಲಸವೂ ನೀರುಪಾಲು. ಯಂತ್ರದ ಬಾಯಿಂದ ಅದನ್ನು ಬಿಡಿಸಿ, ಹಿಂದುಮುಂದು ಜೋಡಿಸಿ, ಹೊರಬರುವ ದ್ರವವನ್ನು ಬೀಕರಿಗೆ ಬಿಟ್ಟು, ಹರಿವನ್ನು ಸಣ್ಣ ಎಳೆಯಷ್ಟೇ ಇಟ್ಟೆ. ಒತ್ತಡ ಜಗ್ಗಲಿಲ್ಲ. ಮೆಥನಾಲ್ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆ. ಮುಳ್ಳು ಒಮ್ಮೆ ಅದುರಿ, ಕೆಳಗಿಳಿಯತೊಡಗಿತು. ಈ ಸಲ ಎಲ್ಲ ಮಾದರಿಗಳನ್ನೂ ಎರಡೆರಡು ಸಲ ಸೋಸಿ ಹಾಕಿದೆ.

ಮೊದಲು ಅಜ್ಜಿಯದು. ಸಕ್ಸಿನಿಕ್ ಆಮ್ಲದ ಗುಡ್ಡ ಎದ್ದು ಇಳಿಯಿತು. ಎರಡನೆಯ ಜಾಗದಲ್ಲಿ ಇದ್ದೂ ಇಲ್ಲದಂಥ ಒಂದು ಉಬ್ಬು. ಅದರಿಂದ ಆಕೆಯ ರಕ್ತದ ಬಗ್ಗೆ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ವಂಶದ ದೋಷವನ್ನು ರಕ್ತದಲ್ಲಿ ಹೊತ್ತು, ತಾವು ಮಾತ್ರ ಗಟ್ಟಿಯಾಗಿ ಬಾಳುವವರಿದ್ದಾರೆ. ತೀರ್ಮಾನವಾಗಬೇಕಿದ್ದದ್ದು ಮುಂದಿನದರಲ್ಲಿ.

ತಾಯಿಯದು. ಮೊದಲ ಗುಡ್ಡ ಬಂತು, ಹೋಯಿತು. ಗೆರೆ ನೆಲಕ್ಕೆ ಅಂಟಿಕೊಂಡೇ ಹರಿಯಿತು. ಆಮೇಲೆ ಎದ್ದಿತು. ಏರಿತು, ಮತ್ತೂ ಏರಿತು, ಅಜ್ಜಿಯದು ಅದರ ಪಕ್ಕದಲ್ಲಿ ಕಾಣದಷ್ಟು ಏರಿತು. ಭಾರದ ನಕಲು ಅದರ ಕೆಳಗೇ ನಿಂತಿತ್ತು. ಮೂತ್ರ ತಿಳಿಯೋ ಗಟ್ಟಿಯೋ ಎಂಬುದಕ್ಕೆ ಕ್ರಿಯಾಟಿನಿನ್ ಲೆಕ್ಕ ಹಾಕಿ ಸರಿಪಡಿಸಿ ನೋಡಿದರೂ ಎತ್ತರ ಎತ್ತರವೇ. ತಾಯಿ ಖಾಲಿಯಾಗಿದ್ದಳು, ಆಕೆಯ ಹಾಲು ಖಾಲಿಯಾಗಿತ್ತು, ಕೂಸು ಖಾಲಿ ಹಾಲು ಕುಡಿದು ನಡುಗುತ್ತಿತ್ತು. ಅಷ್ಟು ಸಂತೋಷ ನನಗೆ ಆ ಕೋಣೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಮುದ್ರಿಸಿದ ಹಾಳೆಗಳನ್ನು ಹಿಡಿದು ಲೆಕ್ಕದ ಕೋಣೆಯ ಮುಂದಿನಿಂದಲೇ ಹೋದೆ. "ನಿಮ್ಮ ಗೊಡ್ಡೆಮ್ಮಿ ಇವತ್ತು ಕೊಡಗಟ್ಟಲೆ ಹಿಂಡೈತ್ರಿ" ಎಂದು ಹೇಳಿಯೇ ಮುಂದೆ ನಡೆದೆ.

ಡಾಕ್ಟರು ಹಾಳೆಗಳನ್ನು ನೋಡಿ ಎದ್ದು ನಿಂತರು. "ಇನ್ಮೇಲೆ ಮನೇನ ಕೇಳಲ್ಲ, ತಾಯೀನ ಕೇಳ್ತೀನಿ" ಎಂದರು. ಸಂಜೆಯೇ ತಾಯಿಗೂ ಸೂಜಿ ಶುರುವಾಯಿತು. ಎದೆಹಾಲು ಬಿಡಿಸಲಿಲ್ಲ.

ಉಳಿದದ್ದು ಹರಕೆ. ಹುಡುಗಿ ಹಾಲು ಮುಟ್ಟಲು ಒಪ್ಪಲಿಲ್ಲ. ಕೂಸು ಕೊಟ್ಟ ದೇವರಿಗೆ ಮಾತು ತಪ್ಪಿದರೆ ಕೂಸನ್ನೇ ಕಳೆದುಕೊಂಡರೆ ಎಂಬ ಭಯ. ಡಾಕ್ಟರು ವಿಜ್ಞಾನ ಹೇಳಿದರು, ಅವಳು ತಲೆ ತಗ್ಗಿಸಿ ಕೇಳಿ ಮತ್ತೆ ಕರಿ ಚಹಾ ತರಿಸಿದಳು. ಅಜ್ಜಿ, "ಆಕಿ ಹರಕಿ ನಾ ಹೊರತೀನಿ, ನಾ ಹೈನ ಬಿಡತೀನಿ" ಎಂದು ಹೊರಟಳು.

"ಬ್ಯಾಡಮ್ಮ! ಒಬ್ಬಾಕಿನ್ನ ಎಬ್ಬಿಸಿ ಇನ್ನೊಬ್ಬಾಕಿನ್ನ ಮಲಗಿಸಲೇನು?" ಎಂದು ರೇಗಿದೆ.

ಅಜ್ಜಿ ಗಲ್ಲಕ್ಕೆ ಕೈ ಹಚ್ಚಿ ಕೂತಳು. ಆಮೇಲೆ ಹುಡುಗಿಯ ಪಕ್ಕಕ್ಕೆ ಸರಿದು, "ಕೇಳಿಲ್ಲೆ. ದ್ಯಾವ್ರಿಗೆ ಬಿಟ್ಟದ್ದು ಅಂದ್ರ ಕೊಟ್ಟಂಗ ಹೌದಿಲ್ಲ? ಬಿಡೂ ಬದ್ಲಿ ಕೊಡೂಣು. ಒಂದು ಎಮ್ಮಿ ಹಾಲು ಜಾವಳ ಆಗೂತನಕ ಮಠಕ್ಕ ಮುಟ್ಟಲಿ. ಉಳಿದ ಮೂರರದು ನೀ ಕುಡಿ. ತಪ್ಪಾದ್ರ ನನ್ನ ಮ್ಯಾಲ ಬರ್ಲಿ, ಮನಿ ಹಿರೇಳು ನಾನು" ಎಂದಳು. ಹುಡುಗಿ ಕರಿ ಚಹಾ ಪಕ್ಕಕ್ಕಿಟ್ಟು, ಅಜ್ಜಿಯ ಹಾಲು ಚಹಾದ ಲೋಟಕ್ಕೆ ಕೈ ಚಾಚಿದಳು.

ಕೂಸಿನ ನಡುಕ ಮೊದಲು ಸ್ವಲ್ಪ ಹೆಚ್ಚಾಯಿತು, ಹೀಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಮೇಲೆ ಅದು ತಗ್ಗುತ್ತ ಬಂತು. ಒಂದು ಬೆಳಿಗ್ಗೆ ನರ್ಸ್ ಕಿಟಕಿಯಿಂದ ಕೂಗಿ ನನ್ನನ್ನು ಕರೆದಳು. ಕೂಸು ಚಹಾದವನ ಕೆಂಪು ಟೋಪಿ ಹೋದ ಕಡೆ ಕಣ್ಣು ಹೊರಳಿಸುತ್ತಿತ್ತು. ಅದು ನಕ್ಕದ್ದು ಇನ್ನೂ ಕೆಲವು ದಿನಗಳ ಮೇಲೆ, ಅದೂ ನನಗಲ್ಲ, ನರ್ಸಿಗೆ. ನನಗೆ ಹೊಟ್ಟೆಕಿಚ್ಚಾಯಿತು.

ಮನೆಗೆ ಹೋದವರು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಬಂದರು. ಹಿಮ್ಮಡಿ ಚುಚ್ಚಿದ್ದೇ ತಡ, ಕೂಸು ಇಡೀ ಮಹಡಿ ಕೇಳುವಂತೆ ಕಿರುಚಿ, ನನ್ನ ಕನ್ನಡಕ ಕಿತ್ತುಕೊಂಡಿತು. ರಕ್ತ ಮೊದಲ ಹನಿಯಿಂದಲೇ ಧಾರಾಳ ಬಂತು. ಸಿ-ಮೂರರ ಗೆರೆ ಮಿತಿಯೊಳಗೆ ಇಳಿದಿತ್ತು. ತಾಯಿ, ಕೂಸು ಇಬ್ಬರ ಮೂತ್ರದಲ್ಲೂ ಎರಡನೆಯ ಗುಡ್ಡ ಹೆಚ್ಚುಕಡಿಮೆ ಮಾಯವಾಗಿತ್ತು. ರಕ್ತಸಂಬಂಧದ ಮದುವೆಯಿಂದ ಬಂದ ಕಾಯಿಲೆಗಳನ್ನು ಈ ಯಂತ್ರ ಆಮೇಲೆ ನನಗೆ ತೋರಿಸಿದ್ದುಂಟು, ಅದನ್ನು ನಾನು ಯಾರಿಗೂ ಮುಚ್ಚಿಟ್ಟಿಲ್ಲ. ಆದರೆ ಈ ಕೂಸಿನದು ಅದಾಗಿರಲಿಲ್ಲ.

"ಅಂದ್ರ, ನನ್ನ ರಗತದಿಂದ ಆದದ್ದಲ್ಲ?" ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದಳು.

"ಅಲ್ಲಮ್ಮ. ಊಟದಿಂದ ಆಗಿತ್ತು. ಊಟ ಸರಿ ಆತು, ಕೂಸು ಸರಿ ಆತು."

"ಇದನ್ನ ಯಾರ ಮುಂದ ಬೇಕಾದ್ರೂ ಹೇಳಬಹುದೇನ್ರಿ?"

"ಡಂಗುರ ಹೊಡಸ್ರಿ."

ಆಕೆ ಜೊತೆಗೆ ಬಂದಿದ್ದ ಮಗನ ಕೈಗೆ ಫೋನು ಕೊಟ್ಟು, "ನಿಮ್ಮಕ್ಕಗ ಹಚ್ಚು" ಎಂದಳು. ಹಚ್ಚಿ ಕೊಟ್ಟ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ, "ನಾ ನಿಮ್ಮವ್ವ ಮಾತಾಡಾಕತ್ತೇನಿ. ಇಡಬ್ಯಾಡ, ಕೇಳು" ಎಂದು, ಅಳುತ್ತಿದ್ದ ಕೂಸಿನ ಬಾಯಿಗೆ ಅದನ್ನು ಹಿಡಿದಳು. ಕೂಸು ಇನ್ನೂ ಜೋರು ಮಾಡಿತು. ಅಜ್ಜಿ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡಳು.

"ಕೇಳಿತೇನು? ನಿನ್ನ ಮೊಮ್ಮಗ. ಹೆಂಗ ಒದರಾಕತ್ತಾನ ನೋಡು. ನಮ್ಮ ರಗತ ಚೊಲೊ ಐತಿ, ನಿಂದೂ ನಂದೂ. ನೀ ಇನ್ನ ಮನಿಗೆ ಬಾ."

ಆಮೇಲೆ ಫೋನಿನಿಂದ ಒಂದು ಹೆಂಗಸಿನ ದನಿ, ನಾನು ನಿಂತ ಜಾಗಕ್ಕೂ ಕೇಳುವಂತೆ, "ಬರ್ತೀನವ್ವಾ" ಎಂದಿತು.